ರಾಯಚೂರಿನಿಂದ ನ್ಯೂಯಾರ್ಕ್‌ಗೆ: ಉದ್ದ ಹಾರಾಟಕ್ಕೆ ಮಾತ್ರ ಫಸ್ಟ್ ಕ್ಲಾಸ್

ಮೊದಲೇ ಹೇಳಿಬಿಡುತ್ತೇನೆ, ಇಡೀ ಪ್ರಯಾಣಕ್ಕೆ ಫಸ್ಟ್ ಕ್ಲಾಸ್ ತೆಗೆಯಬೇಡಿ. ಹೈದರಾಬಾದ್‌ನಿಂದ ದುಬೈ ನಾಲ್ಕು ಗಂಟೆ ಆಸುಪಾಸಿನ ಹಾರಾಟ. ಊಟ ಬರುತ್ತದೆ, ತಟ್ಟೆ ಎತ್ತುತ್ತಾರೆ, ಅಷ್ಟರಲ್ಲಿ ಇಳಿಯುವ ಹೊತ್ತು. ಅಲ್ಲಿ ಹಾಸಿಗೆ ಹಾಸಿಸಿಕೊಂಡು ಮಲಗುವವರು ಯಾರು? ದುಬೈನಿಂದ ನ್ಯೂಯಾರ್ಕ್ ಮಾತ್ರ ಸುಮಾರು 14 ಗಂಟೆ. ದುಡ್ಡು ಸುರಿಯುವುದಿದ್ದರೆ ಅಲ್ಲಿ ಸುರಿಯಿರಿ.

ನಾವು ಹೋಗಿದ್ದು ಹಾಗೆಯೇ. ತಂಗಿ ನ್ಯೂಜೆರ್ಸಿಯಲ್ಲಿದ್ದಾಳೆ, ಅವ್ವನಿಗೆ ಮೊಣಕಾಲು ನೋವು. ಎಮಿರೇಟ್ಸ್‌ನಲ್ಲಿ ಬಿಸಿನೆಸ್ ಟಿಕೆಟ್ ತೆಗೆದು, ಹೋಗುವಾಗಿನ ಉದ್ದ ಹಾರಾಟ ಒಂದನ್ನೇ ದುಡ್ಡು ಕಟ್ಟಿ ಫಸ್ಟ್‌ಗೆ ಏರಿಸಿಕೊಂಡೆವು. ತೀರಾ ಕಡಿಮೆ ದರದ ಟಿಕೆಟ್‌ಗೆ ಈ ಅವಕಾಶ ಇಲ್ಲದಿರಬಹುದು, ಬುಕ್ ಮಾಡುವಾಗಲೇ ನಿಯಮ ಓದಿಕೊಳ್ಳಿ. ಜಿಎಸ್‌ಟಿ ಲೆಕ್ಕವೂ ತಲೆಯಲ್ಲಿರಲಿ. 2025ರ ಸೆಪ್ಟೆಂಬರ್ 22ರಿಂದ ಬಿಸಿನೆಸ್, ಫಸ್ಟ್ ಎರಡಕ್ಕೂ ಶೇ. 18. ಎಕಾನಮಿಗೆ ಶೇ. 5 ಮಾತ್ರ. "ಇಷ್ಟು ರೊಕ್ಕದಾಗ ಒಂದು ತುಂಡು ಹೊಲ ಬರ್ತಿತ್ತಲ್ಲೋ" ಅಂದಳು ಅವ್ವ. ಸುಳ್ಳೇನಲ್ಲ.

ವೀಲ್‌ಚೇರ್ ಸಿಗುತ್ತದೆ ಅಂತ ಮೇಲಿನ ಕ್ಲಾಸ್ ತೆಗೆಯುವವರಿದ್ದಾರೆ. ಬೇಡ. ಅದು ಎಕಾನಮಿಗೂ ಪುಕ್ಕಟೆ. ಪ್ರಯಾಣಕ್ಕೆ ಎರಡು ದಿನ ಮೊದಲು ಕೇಳಿಟ್ಟರೆ ಆಯಿತು.

ರಾಯಚೂರಿನವರು ಶಂಷಾಬಾದ್‌ನಿಂದಲೇ ಹೋಗಿ. ಶಕ್ತಿನಗರದಲ್ಲಿ ಕೃಷ್ಣೆ ದಾಟಿ, ಮಕ್ತಲ್, ಮಹಬೂಬ್‌ನಗರ ಹಿಡಿದು ಜಡ್ಚೆರ್ಲಾದಲ್ಲಿ 44ನೇ ಹೆದ್ದಾರಿ ಸೇರಿದರೆ ಹೈದರಾಬಾದ್ ಊರೊಳಗೆ ಕಾಲಿಡುವ ಕೆಲಸವೇ ಇಲ್ಲ, ನಿಲ್ದಾಣ ಈಚೆ ಕಡೆಗೇ ಇದೆ. ಬಳ್ಳಾರಿಯವರಿಗೆ ಬೆಂಗಳೂರು ಸಲೀಸು. ಅನಂತಪುರದಲ್ಲಿ ಇದೇ 44ನೇ ಹೆದ್ದಾರಿ ಸಿಗುತ್ತದೆ, ಚಿಕ್ಕಬಳ್ಳಾಪುರ ದಾಟಿದರೆ ದೇವನಹಳ್ಳಿ. ಎರಡು ಮಜಲಿನ ಎ380 ವಿಮಾನ 2022ರಿಂದ ಬೆಂಗಳೂರಿಗೂ ಬರುತ್ತಿದೆ ಎಂದು ಕೆಲವರು ರಾಯಚೂರಿನಿಂದ ಅಲ್ಲಿಗೆ ಹೋಗುತ್ತಾರೆ. ಬರೀ ದುಬೈವರೆಗಿನ ಹಾರಾಟಕ್ಕೆ ಆ ತ್ರಾಸು ಬೇಕಾಗಿಲ್ಲ. ವಿಮಾನ ಕಂಪನಿಯ ಕಾರು ಮನೆ ಬಾಗಿಲಿಗೆ ಬರುತ್ತದೆ ಅನ್ನುವುದನ್ನೂ ನಂಬಿಕೊಂಡು ಕೂರಬೇಡಿ. ಅದು ನಿಲ್ದಾಣದ ಸುತ್ತಲಿನ ಇಂತಿಷ್ಟು ದೂರಕ್ಕೆ ಮಾತ್ರ, ನಮ್ಮ ಊರು ಆ ಲೆಕ್ಕಕ್ಕೆ ಬರುವುದಿಲ್ಲ.

ಇನ್ನು ಗಂಟುಮೂಟೆ. ಅಮೆರಿಕಕ್ಕೆ ಫಸ್ಟ್, ಬಿಸಿನೆಸ್ ಎರಡರಲ್ಲೂ ತಲಾ 32 ಕೆಜಿಯ ಎರಡು ಸೂಟ್‌ಕೇಸ್. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಆರಾಮಾಗಿ ಒಯ್ಯಬಹುದು, ಆದರೆ ಅಲ್ಲಿ ಇಳಿದ ಮೇಲೆ ತಿನ್ನುವ ಸಾಮಾನು ಇದೆ ಎಂದು ಕಸ್ಟಮ್ಸ್‌ನವರಿಗೆ ಹೇಳಲೇಬೇಕು. ಎರಡು ಸಾಮಾನು ಮಾತ್ರ ಮನೆಯಲ್ಲೇ ಬಿಡಿ. ಒಂದು ಗಸಗಸೆ. ನಾವು ಪಾಯಸಕ್ಕೆ ಹಾಕುವ ಕಾಳು ದುಬೈನಲ್ಲಿ ನಿಷಿದ್ಧ, ಸಿಕ್ಕಿಬಿದ್ದರೆ ಮಾದಕ ವಸ್ತುವಿನ ಕೇಸು. ಮನೆಯ ಮಸಾಲೆ ಪುಡಿಯಲ್ಲಿ ಸೇರಿದೆಯಾ ಅಂತ ರುಬ್ಬಿದವರನ್ನೇ ಕೇಳಿ. ಇನ್ನೊಂದು ಒಣಕೊಬ್ಬರಿ. ಎಣ್ಣೆ ಅಂಶ ಜಾಸ್ತಿ, ತಾನೇ ಕಾವು ಏರಿ ಹೊತ್ತಿಕೊಳ್ಳಬಹುದು ಎಂದು 2022ರಿಂದ ನಮ್ಮ ನಿಲ್ದಾಣಗಳಲ್ಲಿ ಸೂಟ್‌ಕೇಸಿನಿಂದ ತೆಗೆಸುತ್ತಾರೆ. ಮಾತ್ರೆಗಳ ಮೇಲೂ ಒಂದು ಕಣ್ಣಿಡಿ. ನೋವಿನ ಟ್ರಮಡಾಲ್, ಕೊಡೀನ್ ಇರುವ ಕೆಮ್ಮಿನ ಸಿರಪ್‌ಗೆ ದುಬೈನಲ್ಲಿ ಬಿಗಿ ಕಾನೂನು. ಅವ್ವನ ಮಾತ್ರೆಗಳಿಗೆ ಡಾಕ್ಟರ ಚೀಟಿ ಜೊತೆಗೇ ಇಟ್ಟುಕೊಂಡಿದ್ದೆ.

ದುಬೈನಲ್ಲಿ ಫಸ್ಟ್ ಕ್ಲಾಸ್ ನಿಜಕ್ಕೂ ಕೆಲಸಕ್ಕೆ ಬರುತ್ತದೆ. ಟರ್ಮಿನಲ್ 3ರ ಎ ಕಾನ್‌ಕೋರ್ಸ್, ಅಂದರೆ ವಿಮಾನ ಹತ್ತುವ ಗೇಟುಗಳಿರುವ ಕಟ್ಟಡ, 2013ರಲ್ಲಿ ಎ380 ವಿಮಾನಗಳಿಗೆಂದೇ ಶುರುವಾದದ್ದು. ಲೌಂಜ್‌ನಿಂದ ನೇರ ವಿಮಾನದ ಮೇಲಿನ ಮಜಲಿಗೇ ದಾರಿ. ಮೆಟ್ಟಿಲು ಹತ್ತಿ ಇಳಿಯುವುದು ಉಳಿಯಿತು, ಮೊಣಕಾಲಿಗೆ ಅದಕ್ಕಿಂತ ಬೇರೇನು ಬೇಕು?

ಫಸ್ಟ್‌ನಲ್ಲಿ ಇರುವುದು 14 ಸೀಟು. ಇಬ್ಬರಿದ್ದರೆ ನಡುವಿನ ಜೋಡಿ ಹಿಡಿಯಿರಿ, ಮಧ್ಯದ ಪರದೆ ಇಳಿಸಬಹುದು. ಮುಂದಿನ ಸಾಲಿನ ಎದುರಿಗೇ ಸ್ನಾನದ ಮನೆ, ಓಡಾಟ ಜಾಸ್ತಿ. ಬಾಗಿಲು ಜಾರಿಸಿಕೊಂಡರೂ ಗೋಡೆ ಚಾವಣಿ ಮುಟ್ಟುವುದಿಲ್ಲ, ಸದ್ದು ಬಂದೇ ಬರುತ್ತದೆ. ಮಲಗುವ ಹಾಸಿಗೆ ಬಿಸಿನೆಸ್‌ನಲ್ಲೂ ಪೂರ್ತಿ ಚಪ್ಪಟೆಯೇ ಆಗುತ್ತದೆ. ಇಲ್ಲಿ ಅಗಲ ಜಾಸ್ತಿ, ಅಷ್ಟೇ.

ಕುಳಿತ ಕೂಡಲೇ ಖರ್ಜೂರ, ಅರೇಬಿಕ್ ಕಾಫಿ ಬಂತು. "ಇದಕ್ಕ ಹಾಲು ಹಾಕಿಲ್ಲೇನು?" ಎಂದು ಅವ್ವ ಲೋಟ ನನ್ನ ಕಡೆ ತಳ್ಳಿದಳು. ಸಸ್ಯಾಹಾರಿಗಳು ಪ್ರಯಾಣಕ್ಕೆ ಕನಿಷ್ಠ 24 ಗಂಟೆ ಮೊದಲು ಊಟ ಹೇಳಿಡಬೇಕು. ಎವಿಎಂಎಲ್ ಅಂದರೆ ನಮ್ಮ ಕಡೆಯ ಮಸಾಲೆ ಊಟ, ವಿಜೆಎಂಎಲ್ ಅಂದರೆ ಜೈನರ ಊಟ, ಈರುಳ್ಳಿ ಬೆಳ್ಳುಳ್ಳಿ ಇರುವುದಿಲ್ಲ. ಬೇಕಾದ ಹೊತ್ತಿಗೆ ತರಿಸಿಕೊಳ್ಳಬಹುದು, ಮಂದಿಯ ಜೊತೆಗೇ ಉಣ್ಣಬೇಕೆಂದಿಲ್ಲ. ಶಾಂಪೇನ್, ಕ್ಯಾವಿಯರ್ ಮುಟ್ಟದ ಮನೆಯವರು ಒಮ್ಮೆ ಯೋಚಿಸಿ, ಅದರ ಬೆಲೆಯೂ ನಿಮ್ಮ ಟಿಕೆಟ್‌ನಲ್ಲೇ ಇದೆ.

ಸ್ನಾನದ ಬಗ್ಗೆ ಎಲ್ಲರೂ ಕೇಳುತ್ತಾರೆ. ಹತ್ತಿದ ತಕ್ಷಣ ಹೊತ್ತು ಗೊತ್ತು ಮಾಡಿಕೊಳ್ಳಿ, ಇಳಿಯುವ ಮುಂಚಿನ ಹೊತ್ತಿಗೆ ಪೈಪೋಟಿ. ಕೋಣೆ ಅರ್ಧ ಗಂಟೆ ನಿಮ್ಮದು, ನೀರು ಮಾತ್ರ ಐದು ನಿಮಿಷ. ಎಷ್ಟು ಉಳಿದಿದೆ ಎಂದು ಗೋಡೆಯ ದೀಪ ತೋರಿಸುತ್ತದೆ. ಮೈ ನೆನೆಸಿ ನಿಲ್ಲಿಸಿ, ಸೋಪು ಹಚ್ಚಿ ಮತ್ತೆ ಬಿಡಿ, ಧಾರಾಳ ಸಾಕಾಗುತ್ತದೆ. ಕಾಲಡಿಯ ನೆಲ ಬೆಚ್ಚಗಿರುತ್ತದೆ. ಅವ್ವ ಮೊದಲು ಹುಡುಕಿದ್ದು ಬಕೆಟ್ಟು, ತಂಬಿಗೆ! ತಲೆಸ್ನಾನ ಬೇಡ ಎಂದರೂ ಕೇಳಲಿಲ್ಲ. ಹೊರಗೆ ಬಂದಾಗ ಕೂದಲಿಗೆ ಟವೆಲ್ ಸುತ್ತಿಕೊಂಡು, ಹಣೆಗೆ ವಿಭೂತಿ ಹಚ್ಚಿಕೊಂಡು, ಸೋಮವಾರದ ಪೂಜೆಗೆ ಹೊರಟವಳ ಹಾಗಿದ್ದಳು. ಒಂದು ಮಾತು: ಕೊನೆ ಗಳಿಗೆಯಲ್ಲಿ ಎ380 ಬದಲು 777 ಬಂದರೆ ಸ್ನಾನವೇ ಇಲ್ಲ. ಹಿಂದಿನ ದಿನ ಸೀಟಿನ ನಕ್ಷೆ ನೋಡಿ, ಯಾವ ವಿಮಾನ ಎಂದು ಖಾತ್ರಿ ಮಾಡಿಕೊಳ್ಳಿ.

ನ್ಯೂಯಾರ್ಕ್‌ನ ಇಮಿಗ್ರೇಷನ್ ಕ್ಯೂನಲ್ಲಿ ನಿಮ್ಮ ಫಸ್ಟ್ ಕ್ಲಾಸ್ ಟಿಕೆಟ್ಟಿಗೆ ಕಿಮ್ಮತ್ತಿಲ್ಲ. ವಯಸ್ಸಾದವರ ಜೊತೆ ಹೋಗುವವರು ಎತಿಹಾದ್‌ನಲ್ಲಿ ಅಬುಧಾಬಿ ಮೇಲೆ ಹೋಗುವುದನ್ನೂ ನೋಡಿ. ಅಮೆರಿಕದ ಇಮಿಗ್ರೇಷನ್ ಅಬುಧಾಬಿಯಲ್ಲೇ ಮುಗಿಯುತ್ತದೆ, ಇಳಿದ ಮೇಲೆ ಸೂಟ್‌ಕೇಸ್ ಎತ್ತಿಕೊಂಡು ಹೊರಟರಾಯಿತು. ಅವರ ಎ380 ಫಸ್ಟ್‌ನಲ್ಲೂ ಸ್ನಾನ ಇದೆ. ಮುಂದಿನ ಸಲ ನಾನು ಆ ದಾರಿಯೇ ಹಿಡಿಯುತ್ತೇನೆ.

ಬರುವಾಗ ನಾವು ಎರಡೂ ಹಾರಾಟಕ್ಕೆ ಬಿಸಿನೆಸ್‌ನಲ್ಲೇ ಬಂದೆವು, ಕೊರತೆ ಅನ್ನಿಸಲಿಲ್ಲ. ಅಲ್ಲಿ ಉಳಿದ ದುಡ್ಡಿನಲ್ಲಿ ಸ್ವಲ್ಪ ತೆಗೆದು ಡ್ರೈವರ್‌ಗೆ ಶಂಷಾಬಾದ್‌ನಲ್ಲಿ ಒಂದು ರೂಮು ಮಾಡಿಕೊಡಿ. ದುಬೈ ವಿಮಾನ ನಸುಕಿನಲ್ಲಿ ಇಳಿಯುವುದಿದ್ದರೆ, ರಾತ್ರಿಯೆಲ್ಲ ನಿದ್ದೆಗೆಟ್ಟವನ ಕೈಗೆ ರಾಯಚೂರುವರೆಗೆ ಸ್ಟೇರಿಂಗ್ ಕೊಡುವುದು ಬೇಡ.