ಮೊಬೈಲ್ ಎಲ್ಲ ಹೇಳುವಾಗ ಸೊಸಾಯಿಟಿ ಯಾಕೆ?

“ಕಾಕಾ, ಈಗ ಎಲ್ಲಾ ಎಐ ಹೇಳತೈತಿ. ಇನ್ನ ನಿಮ್ಮ ಸೊಸಾಯಿಟಿ, ಪಂಚರು, ಹಿರೇರು ಇವರೆಲ್ಲಾ ಯಾಕ ಬೇಕ್ರಿ?”

ಇದನ್ನು ಮೊದಲು ಕೇಳಿದ್ದು ನಮ್ಮ ಓಣಿಯ ಹುಡುಗ. ಹುಬ್ಬಳ್ಳಿಯಲ್ಲಿ ಡಿಪ್ಲೊಮಾ ಮುಗಿಸಿ ಊರಿಗೆ ಬಂದಿದ್ದ. ಆಮೇಲೆ ಕೇಳುವವರು ಜಾಸ್ತಿಯಾದರು. ಗದಗಿನ ಬಸ್ಸಿನಲ್ಲಿ ಕೇಳಿದರು, ಮದುವೆ ಊಟದ ಪಂಕ್ತಿಯಲ್ಲೂ ಕೇಳಿದರು. ನಾನು ಗದಗ ತಾಲ್ಲೂಕಿನ ಒಂದು ಹಳ್ಳಿಯ ಕೃಷಿ ಪತ್ತಿನ ಸಹಕಾರ ಸಂಘದಲ್ಲಿ ನಿರ್ದೇಶಕ. ದೊಡ್ಡ ಲೀಡರ್ ಏನಲ್ಲ. ತಿಂಗಳಿಗೊಂದು ಮೀಟಿಂಗು, ಒಂದು ಪ್ಲೇಟ್ ಗಿರ್ಮಿಟ್, ಒಂದು ಕಪ್ ಚಹಾ, ಆಮೇಲೆ ಊರವರ ಬೈಗುಳ. ಆದರೂ ಪ್ರಶ್ನೆ ನನ್ನ ಹತ್ತಿರವೇ ಬರುತ್ತದೆ. ಪ್ರತಿ ಸಲ ನಿಂತಲ್ಲೇ ಹೇಳಲಾಗದ್ದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ಹುಡುಗನ ಮಾತು ಅರ್ಧ ಖರೆ.

ನಮ್ಮಲ್ಲಿ ಕೆಲವರ ಹಿರಿತನ ಬರೀ ಕಾಗದದ ಮೇಲೆ ನಿಂತಿತ್ತು. ಸುತ್ತೋಲೆ ಅವರ ಕೈಗೆ ಮೊದಲು ಬರುತ್ತಿತ್ತು. ಅದನ್ನು ಓದಲು ಬರುವವರೂ ಅವರೇ. ಯಾವ ಸಾಲ, ಕಡೆ ದಿನ ಯಾವುದು, ಏನೇನು ದಾಖಲೆ ಬೇಕು, ಇದನ್ನೆಲ್ಲ ತಿಳಿಯಲು ಅವರ ಕಟ್ಟೆಯ ಮುಂದೆ ಕೈಕಟ್ಟಿ ನಿಲ್ಲಬೇಕಿತ್ತು. ರಾಜ್ಯ ಸರ್ಕಾರ 2023ರಲ್ಲಿ ಬಡ್ಡಿಯಿಲ್ಲದ ಬೆಳೆ ಸಾಲದ ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿತಲ್ಲ, ಆಗಲೂ ಸುದ್ದಿ ಮೊದಲು ಮುಟ್ಟಿದ್ದು ಬೇಕಾದವರಿಗೇ. (5 ಲಕ್ಷ ಎಲ್ಲರಿಗೂ ಸಿಗುತ್ತದೆ ಅಂತಲ್ಲ. ಬೆಳೆ ಯಾವುದು, ಎಕರೆ ಎಷ್ಟು ಅಂತ ನೋಡಿ ಲೆಕ್ಕ ಹಾಕುತ್ತಾರೆ. ಇದನ್ನು ದಿನಕ್ಕೆ ನಾಲ್ಕು ಸಲ ಹೇಳುತ್ತೇನೆ.)

ಈಗ ಆ ದಿನ ಹೋಗುತ್ತಿವೆ. ನಮ್ಮೂರಿನ ಒಬ್ಬ ತಂಗಿ, ಗಂಡ ತೀರಿಕೊಂಡ ಮೇಲೆ ಹೊಲದ ವಾರಸಾ ಮಾಡಿಸಬೇಕಿತ್ತು. ರಾತ್ರಿ ಮಕ್ಕಳು ಮಲಗಿದ ಮೇಲೆ ಮೊಬೈಲಿಗೆ ಮಾತಾಡಿಯೇ ಕೇಳಿದ್ದಾಳೆ. ಮರಣ ಪ್ರಮಾಣ ಪತ್ರ, ವಂಶವೃಕ್ಷ, ಉತಾರ (ಪಹಣಿ), ಎಲ್ಲ ಜೋಡಿಸಿಕೊಂಡು ನೇರ ಹೋಗಿ ಕೊಟ್ಟಳು. ಮೊದಲಾಗಿದ್ದರೆ ಯಾರೋ ಒಬ್ಬ ಹಿರಿಯರು ಅವಳನ್ನು ಮೂರು ಸಲ ಓಡಾಡಿಸಿ, ಉಪಕಾರ ಮಾಡಿದೆ ಅಂತ ವರ್ಷಗಟ್ಟಲೆ ಹೇಳಿಕೊಳ್ಳುತ್ತಿದ್ದರು. ಅಂಥ ಹಿರಿತನ ಎಐಯಿಂದ ಹೋಗುವುದಾದರೆ ಹೋಗಲಿ, ನಾನೇ ಕಾಯಿ ಒಡೆಯುತ್ತೇನೆ.

ಯಂತ್ರ ತಪ್ಪೇ ಮಾಡುವುದಿಲ್ಲ ಅಂತಲ್ಲ. ಒಮ್ಮೆ “ನಮ್ಮ ಹೆಸರಿಗೆ ಹಳದಿ ರೋಗ ಬಂದೈತಿ, ಏನ್ ಮಾಡ್ಲಿ” ಅಂತ ಕೇಳಿದೆ. ಹೆಸರು ಅಂದರೆ ನಮಗೆ ಮುಂಗಾರಿನ ಬೆಳೆ. ಅದು ನನ್ನ ಹೆಸರನ್ನೇ ಹಿಡಿದುಕೊಂಡು, ಕಾಮಾಲೆ ಇರಬಹುದು, ಡಾಕ್ಟರಿಗೆ ತೋರಿಸಿ ಅಂದಿತು! ಹೆಸರುಕಾಳಿನ ಬೆಳೆ ಅಂತ ಬಿಡಿಸಿ ಬರೆದ ಮೇಲೆ ದಾರಿಗೆ ಬಂತು. ರೋಗ ಹರಡುವುದು ಬಿಳಿ ನೊಣದಿಂದ, ರೋಗ ಬಂದ ಗಿಡ ಮೊದಲು ಕಿತ್ತು ತೆಗೆಯಿರಿ ಅಂತ ಸರಿಯಾಗೇ ಹೇಳಿತು. ಮುಂದೆ ಯಾವ ಪದ ಬರಬಹುದು ಅಂತ ಅಂದಾಜು ಹಾಕುತ್ತ ವಾಕ್ಯ ಕಟ್ಟುವ ಯಂತ್ರ ಅದು. ನಮ್ಮ ಕಡೆಯ ಮಾತು ಅದರ ಕಿವಿಗೆ ಬಿದ್ದದ್ದು ಕಡಿಮೆ. ಇವತ್ತಲ್ಲ ನಾಳೆ ಕಲಿಯುತ್ತದೆ ಬಿಡಿ. ನನ್ನ ತಕರಾರು ಅದಲ್ಲ.

ನನ್ನ ತಕರಾರಿಗೆ ಕಣಗಿನಹಾಳಕ್ಕೆ ಹೋಗಬೇಕು. ಗದಗಿಗೆ ಹತ್ತಿರದ ಹಳ್ಳಿ. 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಅಲ್ಲಿ ಸಹಕಾರ ಸಂಘ ಕಟ್ಟಿದರು. ದೇಶದಲ್ಲೇ ಮೊದಲನೆಯದು ಅಂತ ನಾವು ಎದೆ ತಟ್ಟಿ ಹೇಳುತ್ತೇವೆ. ಭಾಷಣದಲ್ಲಿ ಎಲ್ಲರೂ ಇಷ್ಟು ಹೇಳಿ ಚಪ್ಪಾಳೆ ತಗೊಂಡು ಇಳಿಯುತ್ತಾರೆ. ಹೇಳದೆ ಬಿಡುವ ಒಂದು ಸಂಗತಿ ಇದೆ. ಅದರ ಹಿಂದಿನ ವರ್ಷ, 1904ರಲ್ಲಿ ಬಂದ ಕಾಯ್ದೆ ಪ್ರಕಾರ ಹಳ್ಳಿಯ ಸಂಘಗಳಲ್ಲಿ ಸದಸ್ಯರ ಹೊಣೆಗೆ ಮಿತಿಯೇ ಇರಲಿಲ್ಲ. ಅಂದರೆ ಸಂಘ ಮುಳುಗಿದರೆ ಅದರ ಸಾಲಕ್ಕೆ ಎಲ್ಲ ಸದಸ್ಯರೂ ಹೊಣೆ. ನೀವು ಬಿಡಿಗಾಸು ಸಾಲ ತಗೊಂಡಿರದಿದ್ದರೂ ಪಕ್ಕದ ಮನೆಯವನ ಬಾಕಿ ನಿಮ್ಮ ಹೊಸ್ತಿಲಿಗೆ ಬರಬಹುದಿತ್ತು.

ಸ್ವಲ್ಪ ಯೋಚಿಸಿ ನೋಡಿ. ಹಾಗಿದ್ದಾಗ ಒಬ್ಬನನ್ನು ಸದಸ್ಯ ಮಾಡಿಕೊಳ್ಳುವ ಮುಂಚೆ ಏನೇನು ನೋಡಬೇಕು? ಅವನಿಗೆ ಎಷ್ಟು ಎರೆ ಹೊಲ ಇದೆ ಅನ್ನುವುದು ಕಾಗದದಲ್ಲಿ ಸಿಗುತ್ತದೆ. ಎತ್ತು ಸತ್ತ ವರ್ಷವೂ ಸಾಹುಕಾರನ ಬಾಕಿ ಮುಟ್ಟಿಸಿದ್ದನಾ? ಇಸ್ಪೀಟಿಗೆ ಕೂರುತ್ತಾನಾ? ಹೆಂಡತಿ ಗಟ್ಟಿಗಿತ್ತಿಯಾ? ಇದೆಲ್ಲ ಗೊತ್ತಿದ್ದವರೇ ಅವನಿಗೆ ಹೂಂ ಅನ್ನಬೇಕು. ಹೂಂ ಅಂದಮೇಲೆ ತಾವೂ ಸಿಕ್ಕಿಹಾಕಿಕೊಂಡಂತೆ. ಇವತ್ತಿನ ಸಾಲಕ್ಕೆ ಆ ಕಟ್ಟಳೆ ಇಲ್ಲ. ಆದರೆ ಅದರ ನೆರಳು ಅರ್ಜಿಯಲ್ಲಿ ಒಂದು ಸಾಲಿನಲ್ಲಿ ಇನ್ನೂ ಉಳಿದಿದೆ: ಜಾಮೀನುದಾರರ ಸಹಿ.

ಎಐ ಸಲಹೆ ಕೊಡುತ್ತದೆ, ಜಾಮೀನು ಹಾಕುವುದಿಲ್ಲ. ಅದರ ಮಾತು ಕೇಳಿ ನನ್ನ ಬೆಳೆ ಹೋದರೆ “ಕ್ಷಮಿಸಿ” ಅನ್ನುತ್ತದೆ. ನಾನು ಹೇಳಿದ್ದು ತಪ್ಪಾದರೆ ಮರುದಿನ ಬಾವಿ ಕಟ್ಟೆಯ ಹತ್ತಿರ ನಾನೇ ಮುಖ ತೋರಿಸಬೇಕು. ಆ ಹೆದರಿಕೆ ಇರುವುದಕ್ಕೇ ನಾನು ಹೇಳುವ ಮುಂಚೆ ಎರಡು ಸಲ ವಿಚಾರ ಮಾಡುತ್ತೇನೆ. ಯಾವಾಗಲೂ ಮಾಡುತ್ತೇನೆ ಅಂತ ಹೇಳಲಾರೆ.

ಎರಡು ವರ್ಷದ ಹಿಂದಿನ ಮಾತು. ಹಿಂಗಾರಿನಲ್ಲಿ ನಮ್ಮೂರಿನ ಹದಿನೈದಿಪ್ಪತ್ತು ಮಂದಿಯ ದಾಖಲೆಯಲ್ಲಿ ಬೆಳೆ ತಪ್ಪು ಬಿದ್ದಿತ್ತು. ಹೊಲದಲ್ಲಿ ಕಡಲೆ, ಕಾಗದದಲ್ಲಿ ಬಿಳಿಜೋಳ. ವಿಮೆ ಕೈತಪ್ಪುವ ಭಯ. ಹುಡುಗರು ಎಐ ಕೈಲಿ ತಕರಾರು ಅರ್ಜಿ ಬರೆಸಿದರು. ಸುಳ್ಳು ಯಾಕೆ ಹೇಳಲಿ, ನಾನು ಇಪ್ಪತ್ತು ವರ್ಷದಲ್ಲಿ ಅಂಥ ಚೆಂದದ ಅರ್ಜಿ ಬರೆದಿಲ್ಲ. ಒಬ್ಬೊಬ್ಬರೇ ಕಳಿಸಿದರು. ಮೂರು ವಾರ ಉತ್ತರ ಇಲ್ಲ.

ಆಗ ಎದ್ದವಳು ನಮ್ಮ ದೊಡ್ಡವ್ವ. ಹಿಂದೊಮ್ಮೆ ಪಂಚಾಯ್ತಿ ಮೆಂಬರ್ ಆಗಿದ್ದಳು. ಓದು ಬರಹ ಇಲ್ಲ. ಮನೆ ಮನೆಗೆ ಹೋಗಿ, “ನಾಳೆ ಮುಂಜಾನೆ ಎಂಟಕ್ಕ ಟ್ರ್ಯಾಕ್ಟರ್ ನಿಂದರತೈತಿ. ಬರೂ ಮುಂದ ನಿಮ್ಮ ಹೊಲದಾಗಿಂದು ಒಂದೊಂದು ಕಡ್ಲಿ ಗಿಡ ಕಿತ್ಕೊಂಡು ಬರ್ರಿ” ಅಂದಳು. ಮಾತು ಬಿಟ್ಟಿದ್ದ ಎರಡು ಪಾರ್ಟಿಯವರು ಒಂದೇ ಟ್ರಾಲಿಯಲ್ಲಿ ಕೂತರು. ಅವಳು ಬಂದು ಬಾಗಿಲಲ್ಲಿ ನಿಂತರೆ ಇಲ್ಲ ಅನ್ನುವುದು ಕಷ್ಟ. ಅರ್ಧ ಊರಿನ ಬಾಣಂತನ ನೋಡಿದ ಕೈ ಅದು. ಕಚೇರಿಯ ಟೇಬಲ್ ಮೇಲೆ ಮಣ್ಣು ಸಮೇತ ಗಿಡಗಳ ರಾಶಿ ಬಿತ್ತು. ಜೊತೆಗೆ ಅದೇ ಎಐ ಅರ್ಜಿ, ಈ ಸಲ ಎಲ್ಲರ ಸಹಿ ಮತ್ತು ಹೆಬ್ಬೆಟ್ಟಿನೊಂದಿಗೆ. ಎರಡು ದಿನಕ್ಕೆ ಹೊಲ ನೋಡಲು ಬಂದರು.

2011ರಲ್ಲಿ ನಮ್ಮ ಜಿಲ್ಲೆಯ ಹಳ್ಳಿಗುಡಿ ಕಡೆ ಪೋಸ್ಕೋ ಉಕ್ಕಿನ ಕಾರ್ಖಾನೆಗೆ ಜಮೀನು ಕೇಳಿದಾಗಲೂ ಇಂಥದ್ದೇ ಆಯಿತು. ಮನವಿ ಬರೆಯುವವರಿಗೆ ಆಗಲೂ ಬರ ಇರಲಿಲ್ಲ. ಗದಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿ ರೈತರ ಜೊತೆ ಮುಂದೆ ನಿಂತರು. ಆ ಜುಲೈನಲ್ಲಿ ಸರ್ಕಾರ ಹಿಂದೆ ಸರಿಯಿತು.

ಮೊನ್ನೆ ಆ ಡಿಪ್ಲೊಮಾ ಹುಡುಗನೇ ಸಂಘಕ್ಕೆ ಬಂದ. ಕುರಿ ಸಾಕಲು ಸಾಲ ಬೇಕಂತೆ. ಖರ್ಚು-ಲಾಭದ ಲೆಕ್ಕವನ್ನು ಎಐ ಕೈಲೇ ಮಾಡಿಸಿದ್ದ. ಸೆಕ್ರೆಟರಿ ಕೂಡ ತಲೆದೂಗಿದರು, ಅಷ್ಟು ಅಚ್ಚುಕಟ್ಟು. ಅರ್ಜಿ ಪೂರ್ತಿ ತುಂಬಿತ್ತು, ಎರಡನೇ ಜಾಮೀನುದಾರರ ಜಾಗ ಮಾತ್ರ ಖಾಲಿ.

ಸಂಜೆ ನಮ್ಮ ಮನೆಗೆ ಬಂದ. ಚಹಾ ಮುಗಿಯುವ ತನಕ ಸುಮ್ನೆ ಕೂತ.

“ಕಾಕಾ, ಯಾರನ್ನ ಕೇಳ್ಲಿ?”

ಅವರ ಪಕ್ಕದ ಹೊಲದವರ ಹೆಸರು ಹೇಳಿದೆ. ಬದುವಿನ ಜಗಳದಿಂದ ಅವರಿಗೂ ಇವನ ಅಪ್ಪನಿಗೂ ನಾಲ್ಕು ವರ್ಷ ಮಾತಿಲ್ಲ. ಆದರೆ ಇವನು ಹುಬ್ಬಳ್ಳಿಗೆ ಓದಲು ಹೋದಾಗ ಹಾಸ್ಟೆಲ್ ಫೀ ಕಡಿಮೆ ಬಿದ್ದದ್ದಕ್ಕೆ ನನ್ನ ಕೈಲಿ ದುಡ್ಡು ಕೊಟ್ಟು ಕಳಿಸಿದವರು ಅವರೇ. ಯಾರಿಗೂ ಹೇಳಬ್ಯಾಡ ಅಂದಿದ್ದರು. ಹೇಳಿಬಿಟ್ಟೆ.

ಹುಡುಗ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ನೀವೂ ಬರ್ತೀರೇನ್ರಿ?” ಅಂದ.

ಚಪ್ಪಲಿ ಹಾಕಿಕೊಂಡೆ.