ಮೋರಿ ಎಣಿಸುವ ಕೆಲಸ

ಕೋಲಾರದಿಂದ ಬಂಗಾರಪೇಟೆಗೆ ಬಸ್ಸಲ್ಲಿ ಅರ್ಧ ಗಂಟೆ. ದಾರಿಯಲ್ಲಿ ಎಷ್ಟು ಮೋರಿ ದಾಟಿದೆವು ಅಂತ ಯಾರೂ ಎಣಿಸಲ್ಲ. 1987ರ ಕೊನೆಯಲ್ಲಿ ಶ್ರೀಲಂಕಾದ ಜಾಫ್ನಾ ಕಡೆ ಇದ್ದ ನಮ್ಮ ಸೇನೆಯ ಅಧಿಕಾರಿ ಅಷ್ಟು ದೂರದ ರಸ್ತೆ ತೆರೆಯಬೇಕಾದರೆ ಮೊದಲು ಎಣಿಸುತ್ತಿದ್ದುದೇ ಮೋರಿಗಳನ್ನು, ಬಾಂಬು ಇಡೋಕೆ ಸುಲಭದ ಜಾಗ ಅದೇ.

ಜುಲೈ 29ಕ್ಕೆ ಭಾರತ-ಶ್ರೀಲಂಕಾ ಒಪ್ಪಂದ. ನಮ್ಮ ಶಾಂತಿಪಾಲನಾ ಪಡೆ ಅಲ್ಲಿಗೆ ಹೋಗಿದ್ದು ಎಲ್‌ಟಿಟಿಇಯಂಥ ತಮಿಳು ಬಂಡುಕೋರರಿಂದ ಆಯುಧ ಒಪ್ಪಿಸಿಕೊಳ್ಳೋಕೆ. ಅಕ್ಟೋಬರ್ ಹೊತ್ತಿಗೆ ಅದೇ ಊರುಗಳಲ್ಲಿ ಎಲ್‌ಟಿಟಿಇ ಜತೆಗೇ ಯುದ್ಧ. ಅಂತರ್ಯುದ್ಧದಲ್ಲಿ ಗಡಿ ಅಂತ ಒಂದು ಗೆರೆ ಇರಲ್ಲ, ರಸ್ತೆಯೇ ಗಡಿ.

ರಸ್ತೆ ತೆರೆಯೋದು ಅಂದರೆ ರಸ್ತೆ ಮೇಲೆ ನಡೆಯೋದಲ್ಲ. ಬಾಂಬು ಹೂತವನು ಬ್ಯಾಟರಿ ಹಿಡಿದು ನೂರಿನ್ನೂರು ಮೀಟರ್ ಆಚೆ ಬೇಲಿ ಮರೆಯಲ್ಲೋ ತಾಟಿ ತೋಪಲ್ಲೋ ಕೂತಿರುತ್ತಾನೆ. ಅವನ ಕೈಯಿಂದ ಮೋರಿಯವರೆಗೆ ತಂತಿ ಇರಲೇಬೇಕು. ಹಾಗಾಗಿ ಎರಡೂ ಬದಿಯ ಹೊಲದಲ್ಲಿ ರಸ್ತೆಗೆ ಸಮಾನಾಂತರವಾಗಿ ಜನ ನಡೆಯಬೇಕು, ಆ ತಂತಿಗೆ ಅಡ್ಡ ಸಿಗೋ ಹಾಗೆ. ಕಣ್ಣಿಗೆ ಬೀಳೋದು ತಂತಿಯಲ್ಲ, ಅದನ್ನು ಹೂತ ಜಾಗದಲ್ಲಿ ಹುಲ್ಲು ಒಣಗಿದ ಸಣ್ಣ ಗೆರೆ. ಸಿಕ್ಕಿತು ಅಂತ ಎಳೆದರೆ ಮುಗೀತು. ಮೊದಲು ಆ ತುದಿಯಲ್ಲಿ ಕೂತವನನ್ನು ಹುಡುಕಬೇಕು. ಲೋಹ ಪತ್ತೆ ಯಂತ್ರವನ್ನೇ ನಂಬಿದರೆ ಆಗಲ್ಲ: ಸ್ಫೋಟಕ ತುಂಬಿದ ಪ್ಲಾಸ್ಟಿಕ್ ಕ್ಯಾನಿನಲ್ಲಿ ಲೋಹ ಅಂದರೆ ಬೆರಳುದ್ದದ ಡಿಟೋನೇಟರ್ ಅಷ್ಟೇ.

ನೋಡಿದ ಮೋರಿಯನ್ನು ಬಿಟ್ಟು ಮುಂದೆ ಹೋದರೆ ಒಂದು ಗಂಟೆಯಲ್ಲಿ ಅದು ಮತ್ತೆ ನೋಡದ ಮೋರಿ. ಕಾವಲಿಗೆ ನಾಲ್ವರಂತೆ ಎಂಟು ಮೋರಿಗೆ 32 ಜನ. ಅಲ್ಲಿಗೆ ಒಂದು ಪ್ಲಟೂನ್, ಅಂದರೆ ಮೂವತ್ತು ಚಿಲ್ಲರೆ ಜನರ ತುಕಡಿ, ಖಾಲಿ. ಕಂಪನಿ ಕಮಾಂಡರ್‌ನ ಅರ್ಧ ತಲೆನೋವು ಈ ಲೆಕ್ಕವೇ. ಹಿಂದಿನಿಂದ ಲಾರಿ ಸಾಲು ಕಾಯುತ್ತಿದೆ ಅಂತ ಅವಸರ ಮಾಡಿದಾಗಲೂ, ದಿನಾ ಅದೇ ಆರು ಗಂಟೆಗೆ ಹೊರಟಾಗಲೂ ಏಟು ಬೀಳುತ್ತೆ. ಲಾರಿಗಳ ನಡುವೆ ಐವತ್ತು ಮೀಟರಾದರೂ ಬಿಡಬೇಕು, ತಳಕ್ಕೆ ಮರಳು ಚೀಲ ಹಾಸಬೇಕು.

ಅಧಿಕಾರಿಯನ್ನು ದೂರದಿಂದಲೇ ತೋರಿಸಿಕೊಡ್ತಿದ್ದುದು ಅವನ ಪಕ್ಕದ ರೇಡಿಯೊ ಆಂಟೆನಾ, ಭುಜದ ಮೇಲಿನ ಬಿಲ್ಲೆ. ಗುರಿಕಾರರು ಅವನ್ನೇ ನೋಡಿ ಹೊಡೆಯುತ್ತಿದ್ದರು, ಅದಕ್ಕೇ ಬಿಲ್ಲೆ ಬಿಚ್ಚಿಡುವ ರೂಢಿ ಬಂತು. ರೇಡಿಯೊದಲ್ಲಿ ಆಡಿದ ಮಾತೂ ಸುರಕ್ಷಿತವಲ್ಲ. ಅಕ್ಟೋಬರ್ 11-12ರ ರಾತ್ರಿಯ ಯೋಜನೆ ಹಾಗೇ ಎದುರಾಳಿಗಳ ಕಿವಿಗೆ ಬಿದ್ದಿತ್ತು. ಜಾಫ್ನಾ ವಿಶ್ವವಿದ್ಯಾಲಯದ ಮೈದಾನದಲ್ಲಿ ಹೆಲಿಕಾಪ್ಟರಿನಿಂದ ಇಳಿದ ಸಿಖ್ ಲೈಟ್ ಇನ್‌ಫೆಂಟ್ರಿಯ 13ನೇ ಬೆಟಾಲಿಯನ್ನಿನ 30 ಮಂದಿಯಲ್ಲಿ ಉಳಿದದ್ದು ಒಬ್ಬನೇ.

ಬಂದೂಕಿನ ವಿಷಯ ಚುಟುಕಾಗಿ: ನಮ್ಮವರ ಕೈಲಿದ್ದ ಎಸ್‌ಎಲ್‌ಆರ್ ರೈಫಲ್ಲಿಗೆ ಒಂದು ಸಲಕ್ಕೆ 20 ಗುಂಡು, ಮೀಟರಿಗೂ ಹೆಚ್ಚು ಉದ್ದ, ಓಣಿಯಲ್ಲಿ ತಿರುಗಿಸೋದೇ ಕಷ್ಟ. ಎದುರಾಳಿಗಳ ಎಕೆ ರೈಫಲ್ಲಿಗೆ 30.

ತಮಿಳು ಬರೋ ಅಧಿಕಾರಿಗೆ ಒಂದು ಅನುಕೂಲ ಇರುತ್ತೆ. ಕೆಜಿಎಫ್ ಕಡೆ ಬೆಳೆದವರಿಗೆ ಇದನ್ನು ಹೇಳಬೇಕಾಗಿಲ್ಲ. ಬಾವಿಕಟ್ಟೆಯಲ್ಲಿ ಯಾಕೆ ಇವತ್ತು ಯಾರೂ ಇಲ್ಲ ಅಂತ ದುಭಾಷಿ ಇಲ್ಲದೆ ಕೇಳಬಹುದು. ಹಾಗಂತ ಮಾತು ಬರುತ್ತೆ ಅಂತ ಉತ್ತರ ಸಿಗಲ್ಲ, ಸೇನೆಯವನ ಜತೆ ಮಾತಾಡಿದ್ದು ಸಂಜೆಗೆ ಊರಿಗೆಲ್ಲ ಗೊತ್ತಾಗುತ್ತೆ.

ಹೋಗುವ ದಾರಿಗಿಂತ ಬರುವ ದಾರಿ ಕೆಟ್ಟದ್ದು. ಮಹಾರ್ ರೆಜಿಮೆಂಟಿನ 8ನೇ ಬೆಟಾಲಿಯನ್ನಿನ ಮೇಜರ್ ರಾಮಸ್ವಾಮಿ ಪರಮೇಶ್ವರನ್ ಮೇಲೆ 1987ರ ನವೆಂಬರ್ 25ರ ರಾತ್ರಿ ದಾಳಿಯಾದದ್ದು ಶೋಧ ಮುಗಿಸಿ ವಾಪಸ್ ಬರುವಾಗ. ಅವರು ಹಿಂದಿನಿಂದ ಸುತ್ತಿಕೊಂಡು ದಾಳಿಕೋರರ ಮೇಲೆ ನುಗ್ಗಿದರು. ಮರಣೋತ್ತರ ಪರಮವೀರ ಚಕ್ರ ಬಂತು. ದಣಿದ ಜನ, ಖಾಲಿ ನೀರಿನ ಬಾಟಲಿ, ಬಿಡಾರ ಹತ್ತಿರ ಬಂತು ಅನ್ನೋ ಸಮಾಧಾನ: ಅಧಿಕಾರಿ ಕಾಲುದಾರಿ ಬದಲಿಸಿ, ಸಾಲನ್ನು ಮತ್ತೆ ಅಗಲ ಮಾಡಿಸಬೇಕಾದದ್ದು ಆ ಕೊನೇ ಎರಡು ಕಿಲೋಮೀಟರಿನಲ್ಲಿ.