ಅಂಗಡಿಗೇ ಬರದ ಡಬ್ಬಕ್ಕೆ ಆಟ ಮಾಡೋರು

ಭಾನುವಾರ ಚೇತು ಬಂದಿದ್ದ. ಚಿಕ್ಕಮ್ಮನ ಮಗ, ಬೆಂಗಳೂರಲ್ಲಿ ಒಂದು ಗೇಮ್ ಸ್ಟುಡಿಯೋದಲ್ಲಿ ಕೆಲಸ, ನಮ್ಮ ತುಮಕೂರಿಗೆ ಅಷ್ಟು ಹತ್ರ ಇದ್ರೂ ಹಬ್ಬಕ್ಕೂ ಮುಖ ತೋರ್ಸಲ್ಲ. ಕ್ಯಾತ್ಸಂದ್ರದಲ್ಲೇ ಇಳಿದು ತಟ್ಟೆ ಇಡ್ಲಿ ಮುಗಿಸ್ಕೊಂಡು ಬಂದು, ಮನೇಲಿ ಅಮ್ಮ ತಿಂಡಿ ತಿನ್ನು ಅಂದ್ರೆ ಹೊಟ್ಟೆ ಸರಿ ಇಲ್ಲ ಅಂತ ಸುಳ್ಳು ಹೇಳ್ದ, ಶರ್ಟ್ ಮೇಲೆ ಚಟ್ನಿ ಇತ್ತು.

ಅಮ್ಮ ಹಿತಕವರೆಗೆ ನೆನೆಸಿದ ಕಾಳು ಮುಂದಿಟ್ಕೊಂಡು ಕೂತಿದ್ಲು. ಒಂದೊಂದೇ ಕಾಳು ಹೆಬ್ಬೆರಳಲ್ಲಿ ಅಮುಕಿದ್ರೆ ಸಿಪ್ಪೆ ಕೈಯಲ್ಲಿ, ಬೇಳೆ ಟಪ್ ಅಂತ ಪಾತ್ರೆಗೆ. ತಲೆ ಎತ್ತದೇ ಕೇಳಿದ್ಲು, ಈಗ ಏನಪ್ಪ ಕೆಲಸ ಅಂತ. ಹೊಸ ಕನ್ಸೋಲ್, ಅಂದ್ರೆ ವಿಡಿಯೋ ಗೇಮ್ ಆಡೋ ಡಬ್ಬ, ಬರ್ತಿದೆ ದೊಡ್ಡಮ್ಮ, ಬೇರೆ ಕಡೆ ಇರೋ ಒಂದು ಗೇಮ್ ಅದರಲ್ಲೂ ಓಡೋ ಹಂಗೆ ಪೋರ್ಟ್ ಮಾಡ್ತಿದ್ದೀವಿ ಅಂದ. ಯಾವ ಕಂಪನೀದು? ಹೇಳಂಗಿಲ್ಲ, ಎನ್‌ಡಿಎ, ಗುಟ್ಟು ಬಿಡಲ್ಲ ಅಂತ ಸಹಿ ಹಾಕಿದ್ದೀವಿ. ಯಾವ ಗೇಮು? ಅದೂ ಹೇಳಂಗಿಲ್ಲ. (ನಮ್ಮ ಚೇತುಗೆ ಕೆಲಸಕ್ಕಿಂತ ಈ ಹೇಳಂಗಿಲ್ಲ ಅನ್ನೋದ್ರಲ್ಲೇ ಜಾಸ್ತಿ ಖುಷಿ ಅಂತ ನನ್ನ ಅನುಮಾನ.) ಅಂಗಡೀಲಿ ಸಿಗುತ್ತಾ ಅದು ಅಂದ್ಲು ಅಮ್ಮ. ಇನ್ನೂ ಬಂದಿಲ್ಲ ದೊಡ್ಡಮ್ಮ.

"ಅಂಗಡೀಲೂ ಇಲ್ಲ, ಯಾರ ಮನೇಲೂ ಇಲ್ಲ, ಮತ್ತೆ ಯಾರು ಆಡ್ತಾರೆ ಅಂತ ಮಾಡ್ತಿದ್ದೀಯೋ?"

ಚೇತು ನಕ್ಕುಬಿಟ್ಟ. ನಾನೂ ನಕ್ಕೆ. ಆದ್ರೆ ಆಮೇಲೆ ಈ ವಾರ ಪೂರ್ತಿ ಅದೇ ಪ್ರಶ್ನೆ ತಲೇಲಿ, ಯಾಕಂದ್ರೆ ದೊಡ್ಡ ದೊಡ್ಡ ಗೇಮ್ ಕಂಪನಿಯೋರೂ ಹೊಸ ಮೆಷಿನ್ ಬಂದಾಗೆಲ್ಲ ಕೇಳ್ಕೊಳ್ಳೋದು ಇದನ್ನೇ. ತಗೊಂಡಿರೋ ಜನ ಇಲ್ಲ ಅಂದ್ರೆ ಗೇಮ್ ಮಾಡಿ ನಷ್ಟ, ಗೇಮ್ ಇಲ್ಲ ಅಂದ್ರೆ ಮೆಷಿನ್ ಯಾರೂ ತಗೊಳ್ಳಲ್ಲ, ಮೊದಲು ನೀರಿಗೆ ಧುಮುಕೋರು ಯಾರು? ಜಪಾನಿನ ಸೆಗಾ ಕಂಪನಿ ಕಥೆ ಗೊತ್ತಲ್ಲ, ಅವರ ಡ್ರೀಮ್‌ಕಾಸ್ಟ್ ಕನ್ಸೋಲ್ 1999ರಲ್ಲಿ ಅಮೆರಿಕಕ್ಕೆ ಬಂತು, ಮೆಷಿನ್ ಚೆನ್ನಾಗೇ ಇತ್ತು, ಫಿಫಾ ಥರದ ಗೇಮ್ ಮಾಡೋ ದೊಡ್ಡ ಕಂಪನಿ ಇಎ ನಾನು ಬರಲ್ಲ ಅಂದ್ಬಿಡ್ತು, 2001ಕ್ಕೆ ಸೆಗಾ ಕನ್ಸೋಲ್ ಮಾಡೋದೇ ನಿಲ್ಲಿಸ್ತು. ಅದೊಂದೇ ಕಾರಣ ಅಲ್ಲ, ಪಕ್ಕದಲ್ಲಿ ಸೋನಿಯ ಪ್ಲೇಸ್ಟೇಷನ್ 2 ಬಂದು ಕೂತಿತ್ತು, ಆದ್ರೂ.

ಸೋನಿ ಮಾತ್ರ ಈ ವಿಷಯದಲ್ಲಿ ಮೊದ್ಲಿಂದ ಬುದ್ಧಿವಂತ. 1994ರಲ್ಲಿ ಮೊದಲನೇ ಪ್ಲೇಸ್ಟೇಷನ್ ತಂದಾಗ ಸಿಡಿ ಇಟ್ರು, ಒಳಗೆ ಚಿಪ್ ಇರೋ ಪ್ಲಾಸ್ಟಿಕ್ ಕಾರ್ಟ್ರಿಡ್ಜ್‌ಗೆ ಹೋಲಿಸಿದ್ರೆ ಸಿಡಿ ಮಾಡೋ ಖರ್ಚು ತೀರಾ ಕಮ್ಮಿ, ಜಾಗ ಜಾಸ್ತಿ. ನಿಂಟೆಂಡೋ 1996ರ ಎನ್64 ಕನ್ಸೋಲ್‌ಗೂ ಕಾರ್ಟ್ರಿಡ್ಜೇ ಬೇಕು ಅಂತ ಹಠ ಹಿಡೀತು, ಅಲ್ಲೀತನಕ ಅವರ ಜೊತೆಗೇ ಇದ್ದ ಸ್ಕ್ವೇರ್ ಅನ್ನೋ ಗೇಮ್ ಕಂಪನಿ ತನ್ನ ಫೈನಲ್ ಫ್ಯಾಂಟಸಿ 7 ಎತ್ಕೊಂಡು ಸೋನಿ ಕಡೆ ಹೋಯ್ತು. ಅದೇ ಸೋನಿ ಪ್ಲೇಸ್ಟೇಷನ್ 3ನಲ್ಲಿ ಸೆಲ್ ಅನ್ನೋ ವಿಚಿತ್ರ ಚಿಪ್ ಹಾಕಿ ಪ್ರೋಗ್ರಾಮರ್‌ಗಳ ಜೀವ ತಿಂತು, ಆಮೇಲೆ ಪ್ಲೇಸ್ಟೇಷನ್ 4 ಮಾಡೋವಾಗ ಅದರ ವಿನ್ಯಾಸ ನೋಡ್ಕೊಂಡ ಮಾರ್ಕ್ ಸೆರ್ನಿ ಗೇಮ್ ಮಾಡೋ ಡೆವಲಪರ್‌ಗಳ ಹತ್ರನೇ ಹೋಗಿ ನಿಮಗೆ ಏನು ಬೇಕು ಅಂತ ಕೇಳಿ, ಪಿಸಿ ಥರದ್ದೇ ಚಿಪ್ಪು, 8 ಜಿಬಿ ಜಿಡಿಡಿಆರ್5 ಅನ್ನೋ ವೇಗದ ಮೆಮೊರಿ ಹಾಕಿಸಿದ. ನನ್ನ ಪ್ರಕಾರ ಸಪೋರ್ಟ್ ಅಂದ್ರೆ ಇದು. ಸ್ಟೇಜ್ ಮೇಲೆ ಲೋಗೋ ಸಾಲಾಗಿ ತೋರ್ಸೋದಲ್ಲ.

ಸಂಜೆ ಅಮಾನಿಕೆರೆ ಕಡೆ ವಾಕಿಂಗ್ ಹೋದಾಗ ಚೇತು ಸ್ವಲ್ಪ ಬಾಯಿ ಬಿಟ್ಟ. ಡೆವ್ ಕಿಟ್, ಅಂದ್ರೆ ಗೇಮ್ ಮಾಡೋರಿಗೆ ಮೊದಲೇ ಕೊಡೋ ಮೆಷಿನ್, ಇಡೀ ಟೀಮಿಗೆ ಒಂದೇ ಅಂತೆ, ಬೀಗ ಹಾಕಿದ ರೂಮು, ಒಳಗೆ ಫೋನ್ ತರಂಗಿಲ್ಲ, ಯಾರು ಎಷ್ಟು ಹೊತ್ತಿಗೆ ಕೂರಬೇಕು ಅಂತ ಗೋಡೆ ಮೇಲೆ ಪಟ್ಟಿ. ಇವನ ಪಾಳಿ ರಾತ್ರಿ ಹತ್ತರ ಮೇಲೆ. ಮಿಕ್ಕಿದ ಟೈಮಲ್ಲಿ ಪಿಸಿ ಮೇಲೇ ಕೋಡ್ ಬರೆದು, ರಾತ್ರಿ ಕಿಟ್‌ಗೆ ಹಾಕಿ ನೋಡಿದ್ರೆ ಫ್ರೇಮ್ ರೇಟ್ ನೆಲಕ್ಕೆ ಬಿದ್ದು ಗೇಮ್ ತಡವರಿಸ್ತಿರುತ್ತೆ, ಬೆಳಿಗ್ಗೆ ಮ್ಯಾನೇಜರ್ ಯಾಕೆ ಅಂತ ಕೇಳ್ತಾನೆ. ಆ ಮ್ಯಾನೇಜರ್ ಬಗ್ಗೆ ಚೇತು ಹೇಳಿದ್ದು ಇಲ್ಲಿ ಬರೆಯೋಕೆ ಆಗಲ್ಲ. ದೊಡ್ಡ ಪಬ್ಲಿಷರ್‌ಗಳಿಗೆ ಕಿಟ್ ಮೊದಲು ಹೋಗುತ್ತೆ, ಇಂಥ ಸಣ್ಣೋರು ಕಾಯ್ಬೇಕು.

ವಾಪಸ್ ಬಂದ್ರೆ ಅಮ್ಮ ಎರಡನೇ ಪ್ರಶ್ನೆ ರೆಡಿ ಮಾಡಿಟ್ಟಿದ್ಲು. ದುಡ್ಡು ಯಾವಾಗ ಕೊಡ್ತಾರೆ, ಅದು ಮಾರಿದ ಮೇಲಾ? ಇದಕ್ಕೆ ಎನ್‌ಡಿಎ ಅಡ್ಡ ಬರ್ಲಿಲ್ಲ. ಇಲ್ಲ ದೊಡ್ಡಮ್ಮ, ಒಂದೊಂದು ಹಂತ ಮುಗಿದಂಗೆ ಇಷ್ಟಿಷ್ಟು ಅಂತ ಕೊಡ್ತಾರೆ. ಹಂಗಾದ್ರೆ ಅದು ಓಡ್ಲಿ ಬಿಡ್ಲಿ ನಿನಗೇನು ಅಂದ್ಲು. ಚೇತು ಮುಖ ನೋಡ್ಬೇಕಿತ್ತು.

ನನಗೆ ಆಗ ಹೊಳೀತು, ಹೊಸ ಕನ್ಸೋಲ್ ಲಾಂಚ್ ದಿನದ ಗೇಮ್ ಲಿಸ್ಟ್ ಯಾಕೆ ಯಾವಾಗ್ಲೂ ಅಷ್ಟು ಉದ್ದ ಇರುತ್ತೆ ಅಂತ. ಅದರಲ್ಲಿ ಸುಮಾರು ಹಳೇ ಗೇಮ್‌ಗಳೇ, ಬೇರೆ ಕಡೆ ಆಗಲೇ ಮಾರಿ ಮುಗಿದಿರೋವು, ತಂದು ಹಾಕೋಕೆ ಹೊಸ ಗೇಮಿನಷ್ಟು ಖರ್ಚಿಲ್ಲ. ಇಲ್ಲಿ ಶಿರಾ ಗೇಟ್ ಆಚೆ ಲೇಔಟ್ ಮಾಡೋರು ಬ್ರೋಷರ್‌ನಲ್ಲಿ ಸ್ಕೂಲು, ಆಸ್ಪತ್ರೆ, ಪಾರ್ಕು ಬಿಡಿಸಿರ್ತಾರಲ್ಲ, ಹಂಗೆ. ನಿಂಟೆಂಡೋದ ವೀ ಯು ಕನ್ಸೋಲ್ ನೆನಪಿದ್ಯಾ? 2011ರ ಇ3 ಗೇಮ್ ಮೇಳದಲ್ಲಿ ಇಎ ಬಾಸ್ ನಿಂಟೆಂಡೋ ಸ್ಟೇಜ್ ಹತ್ತಿ ಹಿಂದೆಂದೂ ಇಲ್ಲದಂಥ ಪಾರ್ಟ್‌ನರ್‌ಶಿಪ್ ಅಂದ್ರು. 2012ರ ನವೆಂಬರ್‌ನಲ್ಲಿ ಮೆಷಿನ್ ಬಂತು, ಮಾಸ್ ಎಫೆಕ್ಟ್ 3, ಫಿಫಾ 13 ಬಂದ್ವು. ಮುಂದಿನ ವರ್ಷ ಫಿಫಾ 14 ಬರ್ಲೇ ಇಲ್ಲ. ಕೊನೆಗೆ ಮಾರಾಟ ಆಗಿದ್ದು 1.35 ಕೋಟಿ ಚಿಲ್ಲರೆ, ಅಷ್ಟೇ.

ಚೇತುಗೆ ಇದನ್ನ ಹೇಳ್ದೆ, ಸಿಟ್ಟು ಬಂತು. ಅಣ್ಣ, ನಿಂಟೆಂಡೋದ 2025ರ ಸ್ವಿಚ್ 2 ನೋಡು, ಸೈಬರ್‌ಪಂಕ್ ಹತ್ರತ್ರ ಐದು ವರ್ಷ ಹಳೇ ಗೇಮೇ ಅಲ್ವಾ, 64 ಜಿಬಿ ಕಾರ್ಡ್‌ನಲ್ಲಿ ನೀಟಾಗಿ ತಂದ್ರು, ನಾಲ್ಕು ದಿನಕ್ಕೆ 35 ಲಕ್ಷ ಮೆಷಿನ್ ಹೋಯ್ತು ಅಂದ. ಅದು ಹೋಗಿದ್ದು ಮಾರಿಯೋ ಕಾರ್ಟ್‌ಗೆ ಕಣೋ, ನಿಂಟೆಂಡೋದವರದ್ದೇ ಗೇಮು, ಅಂದೆ. ನೀನೇನು ಕೊಂಡ್ಯಾ ಅಂದ. ಇಲ್ಲಿ ಅಧಿಕೃತವಾಗಿ ಮಾರೋದೇ ಇಲ್ಲ, ಇಂಪೋರ್ಟ್ ಮಾಡ್ದೋರು ಹೇಳಿದ್ದೇ ರೇಟು, ಎಲ್ಲಿಂದ ಕೊಳ್ಳಲಿ. ಮತ್ಯಾಕೆ ಮಾತಾಡ್ತೀಯ ಅಂದ.

ಸ್ಟೇಷನ್ ತನಕ ಗಾಡೀಲಿ ಬಿಟ್ಟೆ, ದಾರಿ ಪೂರ್ತಿ ಇದೇ ಜಗಳ. ಲಿಸ್ಟ್‌ನಲ್ಲಿ ಹೆಸರು ಬಂದ್ರೆ ಸಾಕು ಅವನಿಗೆ. ನಾನಂತೂ ಎರಡನೇ ವರ್ಷ ಯಾರು ಉಳ್ಕೊಂಡಿದ್ದಾರೆ ನೋಡಿ ಮಾತಾಡ್ತೀನಿ ಅಂದೆ. ಅಷ್ಟೊತ್ತಿಗೆ ನಾನು ಬೇರೆ ಕಂಪನೀಲಿರ್ತೀನಿ ಅಣ್ಣ ಅಂತ ಟ್ರೈನ್ ಹತ್ತಿದ.